ಬ್ರೆಸ್ಟ್ ಪಂಪ್ ಆರಿಸುವುದು ಹೇಗೆ: ದಿನದ ಲೆಕ್ಕದಿಂದ ಫ್ಲೇಂಜ್ ಅಳತೆಯವರೆಗೆ

ಪಂಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಅದಕ್ಕಿಂತ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳು ಬೇರೆ ಇವೆ. ದಿನಕ್ಕೆ ಎಷ್ಟು ಸಲ ಹಾಲು ತೆಗೆಯಬೇಕು? ಎಲ್ಲಿ ಕುಳಿತು? ಎಷ್ಟು ತಿಂಗಳ ಕಾಲ? ಇವು ಗೊತ್ತಾದರೆ ಯಾವ ಬಗೆಯ ಪಂಪ್ ಬೇಕೆಂಬುದು ಅರ್ಧ ತೀರ್ಮಾನವಾದಂತೆ. ಉಳಿದರ್ಧ ನಿಂತಿರುವುದು ಮೋಟಾರಿನ ಮೇಲಲ್ಲ, ಎದೆಗೆ ಒತ್ತಿಕೊಳ್ಳುವ ಲಾಳಿಕೆಯಾಕಾರದ ಫ್ಲೇಂಜ್ ಸರಿಯಾದ ಅಳತೆಯದೇ ಎಂಬುದರ ಮೇಲೆ. ಹತ್ತು ಸಾವಿರ ಕೊಟ್ಟು ತಂದ ಪಂಪೂ ತಪ್ಪು ಅಳತೆಯ ಫ್ಲೇಂಜಿನಲ್ಲಿ ನೋವು ಕೊಡುತ್ತದೆ, ಹಾಲು ಕೊಡುವುದಿಲ್ಲ.

ಮೊದಲು ಲೆಕ್ಕ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅಷ್ಟನ್ನೂ ಮೊದಲೇ ಬಳಸಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ. ಅಂದರೆ ಮಗುವಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಾಯಿ ಕೆಲಸಕ್ಕೆ ಹೊರಡಬೇಕು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡುವಿನ ಆ ಎರಡು ತಿಂಗಳು, ತಾಯಿ ಮನೆಯಲ್ಲಿಲ್ಲದ ಹೊತ್ತು, ಮಗು ಪೂರ್ತಿಯಾಗಿ ತೆಗೆದಿಟ್ಟ ಹಾಲಿನ ಮೇಲೇ ಇರಬೇಕು. ಪಂಪಿನ ಮೇಲೆ ಹೆಚ್ಚು ಭಾರ ಬೀಳುವುದು ಆಗಲೇ. ಹೆರಿಗೆ ದಿನದವರೆಗೂ ಕೆಲಸ ಮಾಡಿದವರಿಗೆ ರಜೆ ಮುಗಿಯುವಾಗ ಮಗುವಿಗೆ ಆರು ತಿಂಗಳಾಗಿರುತ್ತದೆ, ರಾಗಿ ಸರಿಯೂ ಶುರುವಾಗಿರುತ್ತದೆ. ಅವರ ಅಗತ್ಯ ಅಷ್ಟರಮಟ್ಟಿಗೆ ಕಡಿಮೆ.

ಇನ್ನೆರಡು ಸಂಗತಿ ಗೊತ್ತಿರಲಿ. ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಹೆಚ್ಚುವರಿ ವಿರಾಮಗಳಿಗೆ ಕಾನೂನಿನಲ್ಲೇ ಅವಕಾಶವಿದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ತಾಯಿಗೆ ಬಿಡಬೇಕು. ಮಗುವನ್ನು ಅಲ್ಲಿಗೆ ಕರೆದೊಯ್ಯಬಹುದಾದರೆ ನೇರವಾಗಿ ಎದೆಗೆ ಹಾಕಿಕೊಂಡೇ ಕುಡಿಸಬಹುದು, ದುಬಾರಿ ಪಂಪಿನ ಅಗತ್ಯವೇ ಬೀಳದು.

ಈಗ ಹಾಲಿನ ಲೆಕ್ಕ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲಿ ಹಾಲು ಕುಡಿಯುತ್ತದೆ. ಗಂಟೆಗೆ 30 ಮಿಲಿ ಎಂದು ಹಿಡಿದರೆ ಸಾಕು. ಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿಬರುವ ತಾಯಿಗೆ ಕೆಲಸ ಒಂಬತ್ತು ಗಂಟೆ, ದಾರಿ ಮೂರು ಗಂಟೆ, ಒಟ್ಟು ಹನ್ನೆರಡು. ಅಂದರೆ 360 ಮಿಲಿ. ಮೂರು ಗಂಟೆಗೊಮ್ಮೆ ತೆಗೆದರೆ ಸಲಕ್ಕೆ ನೂರು ನೂರಿಪ್ಪತ್ತು ಮಿಲಿಯಂತೆ ಮೂರು ಸಲ. ಮೈಸೂರಿನಲ್ಲಿ ಮನೆಯಿಂದ ಹತ್ತು ನಿಮಿಷದ ದೂರದ ಶಾಲೆಯಲ್ಲಿ ಪಾಠ ಮಾಡುವವರು ಹೊರಗಿರುವುದು ಆರು ಗಂಟೆಯಾದರೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಇವರಿಬ್ಬರಿಗೂ ಒಂದೇ ಪಂಪ್ ಹೇಳುವುದು ತಪ್ಪು.

ಯಾರಿಗೆ ಯಾವುದು

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಗಟ್ಟಿ ಹಳದಿ ಗಿಣ್ಣುಹಾಲಿಗೆ ಪಂಪ್ ಬೇಡ. ಅದು ಬರುವುದು ಹನಿಗಳ ಲೆಕ್ಕದಲ್ಲಿ, ಅಷ್ಟೂ ಪಂಪಿನ ಕೊಳವೆಗೇ ಅಂಟಿಕೊಂಡು ಹೋಗುತ್ತದೆ. ಕೈಯಲ್ಲಿ ಹಿಂಡಿ ಶುಚಿಯಾದ ಚಮಚಕ್ಕೋ ಒಳಲೆಗೋ ಇಳಿಸಿ ಕುಡಿಸಿ. ಕೈಯಲ್ಲಿ ಹಿಂಡುವುದನ್ನು ಆಸ್ಪತ್ರೆಯಲ್ಲಿರುವಾಗಲೇ ನರ್ಸಿನಿಂದ ಕಲಿತುಬಿಡಿ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಬುಡದಿಂದ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟನ್ನು ಎಳೆಯಬಾರದು. ಕರೆಂಟ್ ಹೋದಾಗ, ಪಂಪಿನ ಸಿಲಿಕೋನ್ ವಾಲ್ವ್ ಹರಿದಾಗ, ಪಂಪನ್ನು ಮನೆಯಲ್ಲೇ ಮರೆತು ಬಂದಾಗ ಕೈಹಿಡಿಯುವುದು ಈ ವಿದ್ಯೆಯೇ.

ಬಾಣಂತನಕ್ಕೆ ತವರಿನಲ್ಲಿದ್ದು ಮಗುವನ್ನು ದಿನವಿಡೀ ಎದೆಗೇ ಹಾಕಿಕೊಳ್ಳುವವರಿಗೆ ಕೈಪಂಪ್ ಧಾರಾಳ ಸಾಕು. ಎದೆ ಕಟ್ಟಿಕೊಂಡಾಗ ಸ್ವಲ್ಪ ಸಡಿಲಿಸಲು, ಮದುವೆಗೋ ಬ್ಯಾಂಕಿಗೋ ಹೋಗಬೇಕಾದ ದಿನ ಒಂದು ಹೊತ್ತಿನ ಹಾಲು ತೆಗೆದಿಡಲು ಅದು ಒದಗುತ್ತದೆ. ಹಿಡಿ ಒತ್ತಿದಷ್ಟು ಸೆಳೆತ, ಬಿಟ್ಟರೆ ಸಡಿಲ. ಸದ್ದಿಲ್ಲ, ಪ್ಲಗ್ ಬೇಡ, ತೊಳೆಯಲು ನಾಲ್ಕೈದು ಭಾಗಗಳಷ್ಟೇ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೂ ಇದನ್ನೇ ಮೊದಲು ಹೇಳುತ್ತೇವೆ, ಏಕೆಂದರೆ ಕೂರಲು ಒಂದು ಮರೆಯ ಜಾಗ ಸಿಕ್ಕರೂ ಅಲ್ಲಿ ಪ್ಲಗ್ ಪಾಯಿಂಟ್ ಇರುತ್ತದೆ ಎಂದು ಹೇಳಲಾಗದು. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲವಾದರೆ ಮಾತ್ರ ಮಣಿಕಟ್ಟು ನೋಯತೊಡಗುತ್ತದೆ. ಹೆರಿಗೆಯ ನಂತರ ಹೆಬ್ಬೆರಳಿನ ಬುಡ ಮೊದಲೇ ನೋಯುತ್ತಿರುವವರು ಇದನ್ನು ನೆಚ್ಚಿಕೊಳ್ಳಬಾರದು.

ದಿನಕ್ಕೆ ಮೂರು ಸಲ ಅಥವಾ ಹೆಚ್ಚು, ಅದೂ ತಿಂಗಳುಗಟ್ಟಲೆ ಎಂದಾದರೆ ಎರಡೂ ಕಡೆ ಒಟ್ಟಿಗೆ ತೆಗೆಯುವ ಡಬಲ್ ಎಲೆಕ್ಟ್ರಿಕ್ ಪಂಪನ್ನೇ ಕೊಳ್ಳಿ. ಇಲ್ಲಿ ಹಣ ಉಳಿಸಲು ಹೋಗಬೇಡಿ. ಒಂದೊಂದೇ ಕಡೆ ತೆಗೆದರೆ ಮೂವತ್ತು ನಲವತ್ತು ನಿಮಿಷ ಹಿಡಿಯುವ ಕೆಲಸ ಇದರಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಆಫೀಸಿನ ವಿರಾಮ ಅಷ್ಟೇ ಇರುವುದು. ಎರಡೂ ಕಡೆ ಒಟ್ಟಿಗೆ ತೆಗೆದಾಗ ಬರುವ ಹಾಲೂ ತುಸು ಹೆಚ್ಚು. ಸಿಂಗಲ್ ಎಲೆಕ್ಟ್ರಿಕ್ ಪಂಪ್ ನಮ್ಮ ಲೆಕ್ಕದಲ್ಲಿ ಅತ್ತಲೂ ಅಲ್ಲ ಇತ್ತಲೂ ಅಲ್ಲ. ದಿನಕ್ಕೆ ಒಂದೆರಡು ಸಲ ಸಾಕೆನ್ನುವವರಿಗೆ, ಕೈನೋವು ಇರುವವರಿಗೆ ಸರಿ, ಅಷ್ಟೇ.

ಮಗು ಅವಧಿಗೆ ಮುನ್ನ ಹುಟ್ಟಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಇದ್ದರೆ, ಅಥವಾ ಎದೆ ಹಿಡಿಯುವುದೇ ಇಲ್ಲವೆಂದಾದರೆ ಲೆಕ್ಕವೇ ಬೇರೆ. ಆಗ ಪಂಪ್ ಮಗುವಿನ ಜಾಗದಲ್ಲಿ ನಿಂತು ಹಾಲು ಬರುವಂತೆ ಮಾಡಬೇಕು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಶುರುಮಾಡಿ, ರಾತ್ರಿಯೂ ಸೇರಿದಂತೆ ದಿನಕ್ಕೆ 8ರಿಂದ 12 ಸಲ ತೆಗೆಯಬೇಕಾಗುತ್ತದೆ. ಇದಕ್ಕೆ ಆಸ್ಪತ್ರೆಗಳಲ್ಲಿ ಇಡುವ, ಹಲವರು ಬಳಸಲೆಂದೇ ಮಾಡಿದ ದೊಡ್ಡ ಪಂಪ್ ಬೇಕು. ಮೆಡೆಲಾ ಸಿಂಫನಿ ಅಂಥದೊಂದು. ಬೆಲೆ ಕೈಗೆಟುಕುವಂಥದಲ್ಲ, ಬಾಡಿಗೆಗೆ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲೋ ಸ್ತನ್ಯಪಾನ ಸಲಹೆಗಾರರಲ್ಲೋ ಕೇಳಿ. ಮೋಟಾರ್ ಬಾಡಿಗೆಯದು, ಹಾಲು ಮುಟ್ಟುವ ಫ್ಲೇಂಜ್, ವಾಲ್ವ್, ಟ್ಯೂಬ್, ಬಾಟಲಿ ಎಲ್ಲವೂ ನಿಮ್ಮದೇ ಹೊಸದಾಗಿರಬೇಕು. ಅಂಗಡಿಯ ಪೆಟ್ಟಿಗೆಗಳ ಮೇಲೆ ಕಾಣುವ ‘ಹಾಸ್ಪಿಟಲ್ ಗ್ರೇಡ್’ ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಆ ಪದಕ್ಕೆ ಒಪ್ಪಿತ ಮಾನದಂಡ ಯಾವುದೂ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಬ್ರಾ ಒಳಗೇ ಇಟ್ಟುಕೊಳ್ಳುವ ವೇರಬಲ್ ಪಂಪ್‌ಗಳನ್ನು ಈಗ ಎಲ್ಲರೂ ಕೇಳುತ್ತಾರೆ. ಕೈ ಖಾಲಿ ಇರುತ್ತದೆ, ವಯರ್ ಇಲ್ಲ, ನಿಜ. ಆದರೆ ಮೋಟಾರ್ ಚಿಕ್ಕದು, ತೊಟ್ಟು ನಡುವೆ ಕುಳಿತಿದೆಯೇ ಎಂದು ನೋಡಿಕೊಳ್ಳುವುದು ಕಷ್ಟ, ಬಗ್ಗಿದರೆ ಹಾಲು ಚೆಲ್ಲುತ್ತದೆ, ತೊಳೆಯುವ ಸಣ್ಣ ಭಾಗಗಳು ಹೆಚ್ಚು. ಹಾಲಿನ ಹರಿವು ಚೆನ್ನಾಗಿ ಕೂತ ಮೇಲೆ ಎರಡನೆಯ ಪಂಪಾಗಿ ಇರಲಿ. ಮೊದಲ ಆರು ವಾರಗಳಲ್ಲಿ, ಅದರಲ್ಲೂ ಹಾಲು ಕಡಿಮೆ ಎಂಬ ಚಿಂತೆ ಇರುವಾಗ, ಇದೊಂದನ್ನೇ ನಂಬಬೇಡಿ.

ಮೆಡಿಕಲ್ ಸ್ಟೋರ್‌ಗಳಲ್ಲಿ ಹಳೇ ಕಾರಿನ ಹಾರ್ನಿನಂತೆ ರಬ್ಬರ್ ಬುರುಡೆ ಇರುವ ಪಂಪ್ ಇನ್ನೂ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಸೆಳೆತ ಹಿಡಿತದಲ್ಲಿರದೆ ತೊಟ್ಟು ಗಾಯವಾಗುತ್ತದೆ. ಹಾಲು ಬುರುಡೆಯೊಳಗೆ ನುಗ್ಗಿದರೆ ಅದನ್ನು ಪೂರ್ತಿ ತೊಳೆಯುವ ದಾರಿಯೇ ಇಲ್ಲ.

ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ ನೋಡಬೇಕಾದ್ದು

ಮೊದಲನೆಯದು ಕ್ಲೋಸ್ಡ್ ಸಿಸ್ಟಮ್. ಹಾಲು ಹಿಂದಕ್ಕೆ ನುಗ್ಗಿ ಟ್ಯೂಬಿಗೂ ಮೋಟಾರಿಗೂ ಸೇರದಂತೆ ನಡುವೆ ಒಂದು ಸಿಲಿಕೋನ್ ಪೊರೆ ಇರುತ್ತದೆ. ಅದಿಲ್ಲದ ಪಂಪಿನಲ್ಲಿ ಹಾಲಿನ ಆವಿ ಟ್ಯೂಬಿನೊಳಗೆ ಇಳಿದು, ಕೆಲವೇ ದಿನಗಳಲ್ಲಿ ಕಪ್ಪು ಬೂಷ್ಟು ಕಟ್ಟಬಹುದು. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನಿತ್ಯ ಬಳಕೆಗೆ ಈ ಒಂದು ವಿಷಯದಲ್ಲಿ ರಾಜಿ ಆಗಬೇಡಿ.

ಎರಡನೆಯದು, ಸೆಳೆತದ ಬಲ ಮತ್ತು ವೇಗ ಎರಡನ್ನೂ ಬೇರೆ ಬೇರೆಯಾಗಿ ಹೆಚ್ಚಿಸಿ ಇಳಿಸಲು ಬರಬೇಕು. ಮಗು ಎದೆ ಹಿಡಿದಾಗ ಮೊದಲು ಚುರುಕಾಗಿ ಚೀಪುತ್ತದೆ. ಎದೆಯಲ್ಲಿ ಜುಮ್ಮೆಂದು ಹಾಲು ತೊರೆ ಬಿಟ್ಟ ಮೇಲೆ ನಿಧಾನವಾಗಿ, ಆಳವಾಗಿ ಎಳೆದು ಗುಟುಕರಿಸುತ್ತದೆ. ಒಳ್ಳೆಯ ಪಂಪ್ ಇದನ್ನೇ ಅನುಕರಿಸುತ್ತದೆ. ಶುರುವಿನಲ್ಲಿ ನಿಮಿಷಕ್ಕೆ ಸುಮಾರು 120 ಸಣ್ಣ ಸೆಳೆತ, ಆಮೇಲೆ 60ರ ಆಸುಪಾಸಿನಲ್ಲಿ ದೀರ್ಘ ಸೆಳೆತ.

ಸೆಳೆತದ ಬಲವನ್ನು ಮಿಲಿಮೀಟರ್ ಪಾದರಸದಲ್ಲಿ ಹೇಳುತ್ತಾರೆ. ಆಸ್ಪತ್ರೆಯ ದೊಡ್ಡ ಪಂಪುಗಳ ಗರಿಷ್ಠವೇ 250ರ ಹತ್ತಿರ. ಪೆಟ್ಟಿಗೆಯ ಮೇಲೆ 300, 350 ಎಂದು ಬರೆದಿದ್ದಕ್ಕೆ ಮರುಳಾಗಬೇಡಿ. ಅಷ್ಟು ಜೋರಾಗಿ ಎಳೆದರೆ ಹೆಚ್ಚು ಹಾಲು ಬರುವುದಿಲ್ಲ. ನೋವಾದರೆ ತೊರೆಯೇ ನಿಂತುಹೋಗುತ್ತದೆ.

ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಹುಡುಕಿ ನೋಡಿ. ವಾಲ್ವ್, ಪೊರೆ, ಟ್ಯೂಬ್, ಬೇರೆ ಅಳತೆಯ ಫ್ಲೇಂಜ್ ಈ ನಾಲ್ಕೂ ನಿಮ್ಮ ಊರಿನಲ್ಲೋ ಆನ್‌ಲೈನಿನಲ್ಲೋ ಬಿಡಿಯಾಗಿ ಸಿಗಬೇಕು. ಮೆಡೆಲಾ, ಫಿಲಿಪ್ಸ್ ಅವೆಂಟ್, ಸ್ಪೆಕ್ಟ್ರಾದಂಥ ಹಳೆಯ ಹೆಸರುಗಳಿಗೆ ಬೆಲೆ ಹೆಚ್ಚಿದ್ದರೂ ನಾವು ಅವುಗಳತ್ತ ಒಲಿಯುವುದಕ್ಕೆ ಮುಖ್ಯ ಕಾರಣ ಇದೇ. ಹೆಸರೇ ಕೇಳದ ಅಗ್ಗದ ಪಂಪ್ ಎರಡು ತಿಂಗಳು ಚೆನ್ನಾಗಿಯೇ ನಡೆಯಬಹುದು. ಒಂದು ಸಣ್ಣ ಸಿಲಿಕೋನ್ ತುಂಡು ಹರಿದ ದಿನ ಇಡೀ ಪಂಪ್ ದಂಡ.

ಕರೆಂಟಿನ ವಿಷಯ. ಪ್ಲಗ್ಗಿಗೆ ಚುಚ್ಚಿದರೆ ಮಾತ್ರ ನಡೆಯುವ ಪಂಪ್ ಲೋಡ್ ಶೆಡ್ಡಿಂಗ್ ಇರುವ ಊರಿಗೆ ಆಗದು. ಒಳಗೇ ಬ್ಯಾಟರಿ ಇರಲಿ, ಇಲ್ಲವೇ ಯುಎಸ್‌ಬಿಯಿಂದ ಪವರ್ ಬ್ಯಾಂಕಿಗೆ ಹಾಕುವಂತಿರಲಿ. ಒಂದೇ ಮಾದರಿಯಲ್ಲೂ ವ್ಯತ್ಯಾಸ ಇರುತ್ತದೆ. ಸ್ಪೆಕ್ಟ್ರಾ ಎಸ್1ರಲ್ಲಿ ಬ್ಯಾಟರಿ ಇದೆ, ಎಸ್2ರಲ್ಲಿ ಇಲ್ಲ. ಅಮೆರಿಕದಿಂದ ಅಕ್ಕನೋ ನಾದಿನಿಯೋ ತಂದುಕೊಡುವ ಪಂಪಾದರೆ ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದಿದೆಯೇ ನೋಡಿ. 120 ಮಾತ್ರ ಇದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಸುಟ್ಟುಹೋದೀತು. ಪಿನ್ ಬದಲಿಸುವ ಪ್ಲಗ್ ವೋಲ್ಟೇಜ್ ಇಳಿಸುವುದಿಲ್ಲ. ಅಲ್ಲಿನ ವಾರಂಟಿ ಇಲ್ಲಿ ನಡೆಯುವುದೂ ಅಪರೂಪ. ಅಮೆರಿಕದಲ್ಲೇ ಇರುವ ಕನ್ನಡತಿಯರು ಕೊಳ್ಳುವ ಮುನ್ನ ತಮ್ಮ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಬೇಕು. 2010ರ ಆರೋಗ್ಯ ಕಾಯ್ದೆಯಂತೆ ಅಲ್ಲಿ ಹೆಚ್ಚಿನ ಇನ್ಶೂರೆನ್ಸ್ ಯೋಜನೆಗಳು ಪಂಪಿನ ವೆಚ್ಚ ಭರಿಸಬೇಕು.

ಬಾಟಲಿಯ ಬಾಯಿ ಅಗಲದ್ದೋ ಕಿರಿದೋ ಎಂದು ನೋಡಿ, ಮನೆಯಲ್ಲಿರುವ ಬಾಟಲಿಗಳು ಅದಕ್ಕೆ ಕೂತರೆ ಅನುಕೂಲ. ಸದ್ದನ್ನು ಅಂಗಡಿಯಲ್ಲೇ ಚಾಲೂ ಮಾಡಿಸಿ ಕೇಳಿ.

ತಂಗಿಯೋ ಗೆಳತಿಯೋ ಬಳಸಿದ ಪಂಪ್ ತೆಗೆದುಕೊಳ್ಳಬಹುದೇ? ಮನೆಬಳಕೆಯ ಪಂಪುಗಳು ಒಬ್ಬರಿಗೆಂದೇ ಮಾಡಿದವು. ಕುದಿಸಲಾಗದ ಒಳಭಾಗಕ್ಕೆ ಹಾಲು ಸೇರಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ, ಎದೆಹಾಲಿನ ಮೂಲಕ ಸೋಂಕು ದಾಟಬಲ್ಲದು. ಮೋಟಾರಿನ ಶಕ್ತಿಯೂ ಕುಂದಿರುತ್ತದೆ. ಪ್ರೀತಿಯಿಂದ ಕೊಟ್ಟರೂ ಬೇಡವೆನ್ನುವುದೇ ಒಳ್ಳೆಯದು.

ಹೆರಿಗೆಗೆ ಮುಂಚೆಯೇ ಕೊಂಡಿಡಬೇಕೆಂದಿಲ್ಲ. ತೆರೆದ ಪಂಪನ್ನು ಸಾಮಾನ್ಯವಾಗಿ ಯಾರೂ ವಾಪಸ್ ಪಡೆಯುವುದಿಲ್ಲ. ಹೆರಿಗೆಯಾಗಿ ಹಾಲು ಕೂತು, ನಿಮ್ಮ ಅಗತ್ಯ ಗೊತ್ತಾದ ಮೇಲೆ, ಕೆಲಸಕ್ಕೆ ಮರಳುವುದಕ್ಕೆ ನಾಲ್ಕೈದು ವಾರ ಮುಂಚೆ ಕೊಂಡರೆ ಸಾಕು. ಅಷ್ಟರಲ್ಲಿ ಮೈಗೂ ಪಂಪಿಗೂ ಹೊಂದಿಕೆಯಾಗುತ್ತದೆ, ಮಗು ಒಳಲೆಯಲ್ಲೋ ಲೋಟದಲ್ಲೋ ಕುಡಿಯುವುದನ್ನು ಕಲಿಯುತ್ತದೆ. ತಂದ ದಿನವೇ ಮೋಟಾರ್ ಓಡಿಸಿ ನೋಡಿ, ಬಿಲ್ ಜೋಪಾನವಾಗಿಡಿ.

ಫ್ಲೇಂಜ್ ಅಳತೆ

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು 24 ಮಿಮೀ, ಕೆಲವೊಮ್ಮೆ ಜೊತೆಗೆ 27 ಅಥವಾ 28. ಈ ಅಂಕಿ ಫ್ಲೇಂಜಿನ ಅಗಲವಾದ ಬಾಯಿಯದಲ್ಲ, ತೊಟ್ಟು ಹೋಗಿ ಕೂರುವ ಕೊಳವೆಯ ಒಳ ಅಗಲ. ಹತ್ತು ರೂಪಾಯಿ ನಾಣ್ಯ 27 ಮಿಮೀ ಅಗಲವಿದೆ, ಎದುರಿಗಿಟ್ಟುಕೊಂಡು ನೋಡಿ. ಅನೇಕ ತಾಯಂದಿರ ತೊಟ್ಟು ಅದಕ್ಕಿಂತ ಎಷ್ಟೋ ಚಿಕ್ಕದು. ಆದರೂ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಹಾಕಿಕೊಂಡು, ಹಾಲು ಬರುತ್ತಿಲ್ಲ ಎಂದು ಕೊರಗುತ್ತಾರೆ.

ಅಳೆಯುವುದು ಮಗು ಕುಡಿದ ತಕ್ಷಣವೂ ಅಲ್ಲ, ಪಂಪ್ ಮಾಡಿದ ತಕ್ಷಣವೂ ಅಲ್ಲ. ಆಗ ತೊಟ್ಟು ಉಬ್ಬಿರುತ್ತದೆ. ಮಿಲಿಮೀಟರ್ ಗೆರೆಗಳಿರುವ ಅಡಿಪಟ್ಟಿಯನ್ನು ತೊಟ್ಟಿನ ಬುಡಕ್ಕೆ ಹಿಡಿದು ಅಡ್ಡ ಅಗಲ ನೋಡಿ. ಸುತ್ತಲಿನ ಕಪ್ಪು ವೃತ್ತವನ್ನು ಲೆಕ್ಕಕ್ಕೆ ಸೇರಿಸಬೇಡಿ. ಪಟ್ಟಿ ಹಿಡಿಯಲು ಆಗದಿದ್ದರೆ ದಾರವನ್ನು ತೊಟ್ಟಿನ ಬುಡಕ್ಕೆ ಬಿಗಿಯದೆ ಒಂದು ಸುತ್ತು ಹಾಕಿ, ಆ ಉದ್ದವನ್ನು 3.14ರಿಂದ ಭಾಗಿಸಿ. ಸುತ್ತಳತೆ 55 ಮಿಮೀ ಬಂದರೆ ಅಗಲ 17.5 ಮಿಮೀ. ಎರಡೂ ಕಡೆ ಅಳೆಯಿರಿ, ಎಡ ಬಲ ಒಂದೇ ಇರಬೇಕೆಂದಿಲ್ಲ.

ಬಂದ ಅಳತೆಗೆ ಸಮನಾದದ್ದರಿಂದ ಹಿಡಿದು ಮೂರು ಮಿಲಿಮೀಟರ್ ಹೆಚ್ಚಿನವರೆಗೆ ಪ್ರಯತ್ನಿಸಿ. 17.5 ಎಂದಾದರೆ 19ರಿಂದ ಶುರುಮಾಡಬಹುದು. ಅದಕ್ಕಾಗಿ ಹೊಸ ಫ್ಲೇಂಜ್ ಬೇಕೆಂದೇನೂ ಇಲ್ಲ, 24ರ ಕೊಳವೆಯೊಳಗೆ ಕೂರಿಸುವ ಸಿಲಿಕೋನ್ ಇನ್ಸರ್ಟ್‌ಗಳು 15, 17, 19, 21 ಅಳತೆಗಳಲ್ಲಿ ಸಿಗುತ್ತವೆ. ಒಂದೆರಡು ಅಳತೆ ತರಿಸಿ ಹಾಕಿ ನೋಡುವುದೇ ಸರಿಯಾದ ದಾರಿ.

ಅಂಕಿಗಿಂತ ಕೊನೆಯ ಮಾತು ಕಣ್ಣಿನದು. ಪಂಪ್ ಓಡುವಾಗ ತೊಟ್ಟು ಕೊಳವೆಯ ನಡುವೆ ಸಲೀಸಾಗಿ ಹಿಂದೆ ಮುಂದೆ ಆಡಬೇಕು, ಕಪ್ಪು ವೃತ್ತ ಅತ್ಯಲ್ಪವೇ ಒಳಗೆ ಬರಬೇಕು. ಕಪ್ಪು ವೃತ್ತದ ಬಹುಪಾಲು ಒಳಗೆ ಎಳೆದುಕೊಂಡು, ತೆಗೆದ ಮೇಲೆ ಬುಡದಲ್ಲಿ ಊದಿಕೊಂಡ ಉಂಗುರ ಕಂಡರೆ ಫ್ಲೇಂಜ್ ದೊಡ್ಡದಾಯಿತು. ತೊಟ್ಟು ಗೋಡೆಗೆ ಉಜ್ಜಿ ಬದಿ ಕೆಂಪಾದರೆ, ತುದಿ ಬಿಳಿಚಿಕೊಂಡರೆ, ಸೀಳು ಬಂದರೆ ಚಿಕ್ಕದಾಯಿತು. ತೊಟ್ಟು ಹಿಗ್ಗುವ ಗುಣದ್ದಾಗಿ ಕೊಳವೆಯ ತುದಿಯವರೆಗೂ ಹೋಗಿ ಬಡಿಯುವುದುಂಟು. ಅಂಥವರು ಸೆಳೆತ ಇಳಿಸಿ, ಮೆತ್ತನೆಯ ಸಿಲಿಕೋನ್ ಇನ್ಸರ್ಟ್ ಹಾಕಬೇಕು. ಉಜ್ಜುವಿಕೆ ಕಡಿಮೆ ಮಾಡಲು ಕೊಳವೆಯ ಒಳಗೆ ಒಂದು ಹನಿ ಶುದ್ಧ ಕೊಬ್ಬರಿ ಎಣ್ಣೆ ಸವರಬಹುದು, ವಾಲ್ವಿಗೆ ತಾಗದಿರಲಿ. ವಾರಗಳು ಕಳೆದಂತೆ ಅಳತೆ ಬದಲಾಗುತ್ತದೆ. ತಿಂಗಳಿಗೊಮ್ಮೆ, ಅಥವಾ ಹೊಸದಾಗಿ ನೋವು ಶುರುವಾದಾಗ, ಮತ್ತೆ ಅಳೆಯಿರಿ.

ಮೊದಲ ಸಲ ಬಳಸುವುದು

ಹಾಲು ಮುಟ್ಟುವ ಭಾಗಗಳನ್ನೆಲ್ಲ ಸೋಪು ನೀರಿನಲ್ಲಿ ತೊಳೆದು, ಕುದಿಯುವ ನೀರಿನಲ್ಲಿ 5 ನಿಮಿಷ ಬಿಟ್ಟು ತೆಗೆದು, ಪೂರ್ತಿ ಆರಲು ಬಿಡಿ. ಟ್ಯೂಬನ್ನೂ ಮೋಟಾರನ್ನೂ ಕುದಿಸಬಾರದು.

1. ಕೈ ತೊಳೆದು, ಬೆನ್ನಿಗೆ ಆಸರೆ ಕೊಟ್ಟು, ತುಸು ಮುಂದಕ್ಕೆ ಬಾಗಿ ಕೂರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದೆರಡು ನಿಮಿಷ ಎದೆಯ ಮೇಲಿಟ್ಟು, ಬೆರಳುಗಳಿಂದ ಮೃದುವಾಗಿ ನೀವಿ.
2. ತೊಟ್ಟು ಕೊಳವೆಯ ನಟ್ಟನಡುವೆ ಬರುವಂತೆ ಫ್ಲೇಂಜ್ ಇಡಿ. ಗಾಳಿ ನುಸುಳದಷ್ಟು ಒತ್ತಿ, ಅದಕ್ಕಿಂತ ಹೆಚ್ಚು ಬೇಡ. ಜೋರಾಗಿ ಒತ್ತಿದರೆ ಆ ಜಾಗದ ನಾಳಗಳೇ ಮುಚ್ಚಿಕೊಳ್ಳುತ್ತವೆ.
3. ಅತ್ಯಂತ ಕಡಿಮೆ ಸೆಳೆತ, ಚುರುಕು ವೇಗದಲ್ಲಿ ಶುರುಮಾಡಿ. ಒಂದೆರಡು ನಿಮಿಷಕ್ಕೆ ಹನಿ ಹೋಗಿ ಧಾರೆಯಾದಾಗ ನಿಧಾನದ ವೇಗಕ್ಕೆ ಬದಲಿಸಿ.
4. ಸೆಳೆತವನ್ನು ಒಂದೊಂದೇ ಮೆಟ್ಟಿಲು ಏರಿಸಿ. ಹಿತವಲ್ಲ ಎನಿಸಿದಲ್ಲಿ ಒಂದು ಮೆಟ್ಟಿಲು ಇಳಿಸಿ. ನಿಮ್ಮ ಸೆಳೆತ ಅದು.
5. ಧಾರೆ ನಿಂತ ಮೇಲೂ ಎರಡು ಮೂರು ನಿಮಿಷ ಬಿಡಿ. ಬೇಕೆನಿಸಿದರೆ ಮತ್ತೆ ಚುರುಕು ವೇಗಕ್ಕೆ ಹಾಕಿ, ಎರಡನೆಯ ತೊರೆ ಬರಬಹುದು. ಒಟ್ಟು ಹದಿನೈದು ಇಪ್ಪತ್ತು ನಿಮಿಷ ಸಾಕು.
6. ಮೊದಲು ಆಫ್ ಮಾಡಿ, ಫ್ಲೇಂಜಿನ ಅಂಚಿಗೆ ಬೆರಳು ತೂರಿಸಿ ಗಾಳಿ ಬಿಟ್ಟು, ಆಮೇಲೆ ತೆಗೆಯಿರಿ. ಕೊನೆಯಲ್ಲಿ ಒಂದು ನಿಮಿಷ ಕೈಯಲ್ಲಿ ಹಿಂಡಿದರೆ ಉಳಿದದ್ದೂ ಬರುತ್ತದೆ.

ಮಗು ಕುಡಿದ ಮೇಲೆ ತೆಗೆದರೆ 15ರಿಂದ 30 ಮಿಲಿ ಬರುವುದು ಸಹಜ. ಕುಡಿಸುವ ಬದಲಿಗೆ ತೆಗೆದರೆ ಎರಡೂ ಕಡೆ ಸೇರಿ 60ರಿಂದ 120 ಮಿಲಿ. ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ದಯವಿಟ್ಟು ಬಾಟಲಿಯ ಗೆರೆ ನೋಡಿ ನಿಮ್ಮ ಹಾಲನ್ನು ಅಳೆಯಬೇಡಿ, ಮನೆಯವರು ಅಳೆಯಲೂ ಬಿಡಬೇಡಿ. ಮಗು ಎಳೆದಷ್ಟು ಚೆನ್ನಾಗಿ ಯಾವ ಪಂಪೂ ಎಳೆಯದು. ಮಗುವಿನ ತೂಕ ಏರುತ್ತಿದ್ದು, ಐದಾರು ದಿನಗಳ ನಂತರ ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ. ಅದಿಲ್ಲವಾದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಎದೆ ಕಟ್ಟಿಕೊಂಡಿದೆ ಎಂದು ಪೂರ್ತಿ ಬರಿದಾಗುವವರೆಗೆ ಪಂಪ್ ಮಾಡುವುದೂ ತಪ್ಪು. ತೆಗೆದಷ್ಟೂ ಹೆಚ್ಚು ಬೇಕೆಂದು ಮೈ ತಿಳಿಯುತ್ತದೆ, ಮರುದಿನ ಇನ್ನಷ್ಟು ಗಟ್ಟಿಯಾಗುತ್ತದೆ. ಹಿತವೆನಿಸುವಷ್ಟು ಮಾತ್ರ ತೆಗೆದು ತಣ್ಣನೆಯ ಬಟ್ಟೆ ಇಡಿ. ಎದೆಯ ಒಂದು ಭಾಗ ಕೆಂಪಾಗಿ ಕಾದು, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಆಗಲೂ ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ತೊಳೆಯುವುದು

ಬಳಸಿದ ಪ್ರತಿ ಸಲವೂ ಭಾಗಗಳನ್ನು ಬಿಚ್ಚಿ, ಮೊದಲು ತಣ್ಣೀರಿನಲ್ಲಿ ಹಾಲು ಹೋಗುವಂತೆ ತೊಳೆಯಿರಿ, ಆಮೇಲೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಮೃದು ದ್ರವ. ಸಿಂಕಿನ ತಳದಲ್ಲಿ ಎಂದೂ ಹಾಕಬೇಡಿ. ಪಂಪಿಗೆಂದೇ ಒಂದು ಟಬ್ಬು, ಒಂದು ಬ್ರಷ್ ಇರಲಿ, ಅವನ್ನೂ ತೊಳೆದು ಒಣಗಿಸಿ. ಬಾತುಕೋಳಿಯ ಕೊಕ್ಕಿನಾಕಾರದ ಡಕ್‌ಬಿಲ್ ವಾಲ್ವಿನ ಸೀಳಿಗೆ ಬ್ರಷ್ ತೂರಿಸಿದರೆ ಅದು ಹಿಗ್ಗಿ ಸೆಳೆತ ಹೋಗುತ್ತದೆ, ಬೆರಳಿನಿಂದ ಉಜ್ಜಿ. ಕೊನೆಗೆ ಶುಚಿಯಾದ ಬಟ್ಟೆಯ ಮೇಲೆ ಹರಡಿ ಗಾಳಿಗೆ ಆರಲು ಬಿಡಿ. ಸೆರಗಿನಲ್ಲಿ ಒರೆಸಬೇಡಿ, ಒದ್ದೆಯಿರುವಾಗ ಡಬ್ಬಿಗೆ ಹಾಕಿ ಮುಚ್ಚಬೇಡಿ. ಮಗುವಿಗೆ ಎರಡು ತಿಂಗಳಾಗುವವರೆಗೆ, ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಇನ್ನೂ ಹೆಚ್ಚು ಕಾಲ, ದಿನಕ್ಕೊಮ್ಮೆ ಕುದಿಸಬೇಕು.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಸರಿಯಾಗಿ ತೊಳೆಯದೆ ಒದ್ದೆಯಾಗಿಯೇ ಉಳಿದ ಪಂಪಿನ ಭಾಗಗಳಲ್ಲಿ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಎಳೆಯ ಮಗುವಿಗೆ ಅದು ಪ್ರಾಣಾಂತಕ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಕುದಿಸಿದ ಭಾಗಗಳ ಮೇಲೆ ಬಿಳಿ ಪೊರೆ ಕೂರುತ್ತದೆ. ವಾಲ್ವಿನ ತುಟಿಗಳಲ್ಲಿ ಅದು ಕೂತರೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಫಿಲ್ಟರ್ ನೀರಿನಲ್ಲಿ ಕುದಿಸಿ. ಕೂತದ್ದನ್ನು ಸಮಪಾಲು ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆಯಿರಿ.

ಆಫೀಸಿನಲ್ಲಿ ತೊಳೆಯಲು ಜಾಗವಿಲ್ಲದಿದ್ದರೆ ಮೂರು ಹೊತ್ತಿಗೆ ಮೂರು ಜೊತೆ ಫ್ಲೇಂಜ್ ಮತ್ತು ವಾಲ್ವ್ ಒಯ್ದು, ಸಂಜೆ ಮನೆಯಲ್ಲಿ ಒಟ್ಟಿಗೆ ತೊಳೆಯುವುದು ಉತ್ತಮ. ಪಂಪಿನ ಬೆಲೆ ಲೆಕ್ಕ ಹಾಕುವಾಗಲೇ ಈ ಹೆಚ್ಚುವರಿ ಜೊತೆಗಳ ಬೆಲೆಯನ್ನೂ ಸೇರಿಸಿಕೊಳ್ಳಿ.

ಸೆಳೆತ ಇಳಿದಾಗ

‘ಪಂಪ್ ಹಾಳಾಯಿತು’, ‘ಹಾಲು ಬತ್ತಿತು’ ಎಂಬ ಎರಡೂ ತೀರ್ಮಾನಗಳಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಟ್ಯೂಬನ್ನು ಬಿಚ್ಚಿ, ಮೋಟಾರಿನ ತೂತಿಗೆ ಬೆರಳು ಒತ್ತಿ ಹಿಡಿದು ಚಾಲೂ ಮಾಡಿ. ಬೆರಳನ್ನು ಬಲವಾಗಿ ಎಳೆದರೆ ಮೋಟಾರ್ ಸರಿಯಿದೆ, ದೋಷ ಬಿಡಿಭಾಗದಲ್ಲಿದೆ. ಆಗ ವಾಲ್ವಿನಿಂದ ಶುರುಮಾಡಿ. ಬೆಳಕಿಗೆ ಹಿಡಿದಾಗ ಸೀಳು ಬಾಯಿಬಿಟ್ಟಿದ್ದರೆ, ಅಂಚು ಹರಿದಿದ್ದರೆ ಬದಲಿಸಿ. ದಿನಕ್ಕೆ ಮೂರು ನಾಲ್ಕು ಸಲ ಬಳಸುವವರಿಗೆ ಡಕ್‌ಬಿಲ್ ವಾಲ್ವ್ ಒಂದೆರಡು ತಿಂಗಳಷ್ಟೇ ಬಾಳುತ್ತದೆ. ಮುಂದೆ ನೋಡುವುದು ತಡೆಪೊರೆ. ಅದು ಒದ್ದೆಯಾಗಿದ್ದರೆ, ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಸೆಳೆತ ಅರ್ಧಕ್ಕಿಳಿಯುತ್ತದೆ. ಆಮೇಲೆ ಟ್ಯೂಬಿನ ಎರಡು ತುದಿಗಳು, ಅವು ಸಡಿಲಗೊಂಡಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಸಿಕ್ಕಿಸಬಹುದು. ಟ್ಯೂಬಿನೊಳಗೆ ನೀರಹನಿ ಕಂಡರೆ ಫ್ಲೇಂಜ್ ತೆಗೆದಿಟ್ಟು ಎರಡು ಮೂರು ನಿಮಿಷ ಪಂಪ್ ಓಡಿಸಿ ಒಣಗಿಸಿ. ಹಾಲೋ ಬೂಷ್ಟೋ ಕಂಡರೆ ಎಸೆದು ಹೊಸದು ಹಾಕಿ. ಬ್ಯಾಟರಿ ಇಳಿದಾಗ ಸೆಳೆತ ಇಳಿಯುವ ಪಂಪುಗಳೂ ಇವೆ, ಪ್ಲಗ್ಗಿಗೆ ಹಾಕಿ ಹೋಲಿಸಿ ನೋಡಿ. ಒಂದು ಜೊತೆ ವಾಲ್ವ್ ಸದಾ ಬ್ಯಾಗಿನಲ್ಲಿರಲಿ.

ತೆಗೆದ ಹಾಲು

25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ 4 ದಿನ, ಮೈನಸ್ 18ರ ಫ್ರೀಜರಿನಲ್ಲಿ 6 ತಿಂಗಳು ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ಆ 25 ಡಿಗ್ರಿ ಎಂಬುದನ್ನು ಮರೆಯಬೇಡಿ. ಏಪ್ರಿಲ್ಲಿನ ರಾಯಚೂರು, ಕಲಬುರಗಿಯಲ್ಲಿ ನಾಲ್ಕು ಗಂಟೆ ಹೊರಗಿಡುವಂತಿಲ್ಲ, ತೆಗೆದ ಕೂಡಲೇ ತಂಪಿಗೆ ಸೇರಿಸಿ. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ಇನ್ಸುಲೇಟೆಡ್ ಬ್ಯಾಗಿನಲ್ಲಿ 24 ಗಂಟೆ ಇಡಬಹುದು. ಒಂದೇ ಬಾಗಿಲಿನ ಫ್ರಿಜ್ಜಿನ ಒಳಗಿರುವ ಐಸ್ ಪೆಟ್ಟಿಗೆ ಮೈನಸ್ 18 ಮುಟ್ಟುವುದಿಲ್ಲ, ಅಲ್ಲಿ ಎರಡು ವಾರಕ್ಕಿಂತ ಹೆಚ್ಚು ಬೇಡ. ಸಲಕ್ಕೆ 60ರಿಂದ 90 ಮಿಲಿಯಂತೆ ತುಂಬಿ, ತಾರೀಖು ಬರೆದು, ಬಾಗಿಲಿನ ಗೂಡಿನಲ್ಲಿಡದೆ ಹಿಂಬದಿಗೆ ಇಡಿ. ಕೊಡುವಾಗ ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲಾಗಲಿ ಮೈಕ್ರೋವೇವಿನಲ್ಲಾಗಲಿ ಬೇಡ. ಕರಗಿಸಿದ್ದನ್ನು ಫ್ರಿಜ್ಜಿನಲ್ಲಿ 24 ಗಂಟೆಯೊಳಗೆ ಮುಗಿಸಿ, ಮತ್ತೆ ಹೆಪ್ಪುಗಟ್ಟಿಸಬೇಡಿ. ಮಗು ಬಾಯಿಟ್ಟು ಉಳಿಸಿದ್ದನ್ನು ಎರಡು ಗಂಟೆಯ ನಂತರ ಚೆಲ್ಲಿ. ಮನೆಯಲ್ಲಿ ಅಜ್ಜಿ ಒಳಲೆಯಲ್ಲಿ ಕುಡಿಸಬಲ್ಲರಾದರೆ ಬಾಟಲಿಯ ನಿಪ್ಪಲ್ ರೂಢಿ ಮಾಡಿಸುವುದೇ ಬೇಡ, ಸಂಜೆ ನೀವು ಬಂದಾಗ ಮಗು ಎದೆ ಬೇಡವೆನ್ನುವ ತೊಂದರೆ ತಪ್ಪುತ್ತದೆ.

ಪಂಪ್ ಬಿಡುವಾಗ

ಒಮ್ಮೆಲೇ ನಿಲ್ಲಿಸಿದರೆ ಎದೆ ಕಟ್ಟಿ ಬಾವು ಬರಬಹುದು. ನಾಲ್ಕೈದು ದಿನಕ್ಕೊಮ್ಮೆ ದಿನದ ಒಂದು ಸಲವನ್ನು ಕೈಬಿಡುತ್ತಾ ಬನ್ನಿ. ಹೊತ್ತನ್ನೂ ಮೊದಲು ಹದಿನೈದರಿಂದ ಹತ್ತಕ್ಕೆ, ಹತ್ತರಿಂದ ಐದು ನಿಮಿಷಕ್ಕೆ ಇಳಿಸಿ. ಮುಂದಿನ ಮಗುವಿಗೆಂದು ಪಂಪ್ ತೆಗೆದಿಡುವವರು ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ವಾಲ್ವ್, ಪೊರೆ, ಟ್ಯೂಬುಗಳನ್ನು ಎಸೆದುಬಿಡಿ, ಆಗ ಹೊಸದು ಕೊಳ್ಳಿ. ಫ್ಲೇಂಜ್ ಇಟ್ಟುಕೊಂಡರೂ ಆಗ ಮತ್ತೊಮ್ಮೆ ಅಳತೆ ತೆಗೆಯಿರಿ.